ಕಾಣದ ದೋಷವೂ ಮಾರುವವನ ಮೌನವೂ

ಕೊಳ್ಳುವುದು, ಮಾರುವುದು ಎಂಬ ಎರಡು ವ್ಯವಹಾರಗಳಿಲ್ಲದೆ ಗೃಹಸ್ಥನಿಗೆ ಒಂದು ದಿನವೂ ಸಾಗದು. ಆದರೂ ಧರ್ಮಾಧರ್ಮಗಳ ವಿಚಾರವನ್ನು ಮಾಡತಕ್ಕವರು ಯುದ್ಧ, ರಾಜ್ಯ, ವೈರಾಗ್ಯ ಮೊದಲಾದ ದೊಡ್ಡ ಪ್ರಸಂಗಗಳನ್ನು ಹುಡುಕಿಕೊಂಡು ದೂರ ಹೋಗುವರಲ್ಲದೆ, ಪೇಟೆಯಲ್ಲಿ ನಿತ್ಯವೂ ನಡೆಯುವ ಈ ಚಿಕ್ಕ ಸಂಗತಿಯ ಕಡೆಗೆ ಕಣ್ಣು ಹಾಯಿಸುವುದು ಕಡಮೆ. ಅದರಲ್ಲಿಯೂ ಒಬ್ಬರು ಬಳಸಿದ ವಸ್ತುವನ್ನು ಮತ್ತೊಬ್ಬರು ಕೊಳ್ಳುವಲ್ಲಿ ಒಂದು ವಿಶೇಷವುಂಟು. ಹೊಸ ವಸ್ತುವಿಗೆ ಇನ್ನೂ ಚರಿತ್ರೆಯಿಲ್ಲ. ಹಳೆಯ ವಸ್ತುವಿಗೆ ಚರಿತ್ರೆಯಿದೆ. ಅದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೇಳಿದ್ದಕ್ಕೆ ಸುಳ್ಳು ಹೇಳುವುದು ತಪ್ಪೆಂಬುದರಲ್ಲಿ ಯಾರಿಗೂ ವಿವಾದವಿರಲಾರದು. ಕೇಳದೆ ಇದ್ದುದನ್ನು ಹೇಳದೆ ಬಿಡುವುದು ತಪ್ಪೋ ಅಲ್ಲವೋ ಎಂಬುದೇ ಕಠಿನವಾದ ಪ್ರಶ್ನೆ.

ಹಿಂದಿನವರು ಈ ಪ್ರಶ್ನೆಯನ್ನು ಕುದುರೆಯ ಮೇಲೆಯೂ ಮನೆಯ ಮೇಲೆಯೂ ಇಟ್ಟು ಚರ್ಚಿಸಿದ್ದಾರೆ. ನಾನು ಇಲ್ಲಿ ತೆಗೆದುಕೊಳ್ಳುವ ಉದಾಹರಣೆಯು ತೀರ ಈಚಿನದು: ಕಾರ್ಬನ್ ಎಳೆಗಳಿಂದ ಮಾಡಿದ ಗ್ರಾವೆಲ್ ಬೈಸಿಕಲ್ಲು, ಅದೂ ಒಬ್ಬರ ಕೈ ದಾಟಿ ಮಾರಾಟಕ್ಕೆ ಬಂದುದು. ಇಂತಹ ವಿಷಯವನ್ನು ಸಾಹಿತ್ಯಪತ್ರಿಕೆಯಲ್ಲಿ ಎತ್ತುವುದೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಆದರೆ ಕುದುರೆಯ ಉದಾಹರಣೆಯಲ್ಲಿ ಮಸುಕಾಗಿದ್ದ ಒಂದು ಭಾಗವು ಈ ಬೈಸಿಕಲ್ಲಿನ ಉದಾಹರಣೆಯಲ್ಲಿ ಬಹು ಸ್ಪಷ್ಟವಾಗಿ ಕಾಣುವುದರಿಂದ ನಾನು ಇದನ್ನೇ ಆರಿಸಿಕೊಂಡಿದ್ದೇನೆ.

ಮೊದಲು ವಸ್ತುವಿನ ಪರಿಚಯ. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದಲ್ಲಿ ಎಂಪೋರಿಯ ಎಂಬ ಊರಿದೆ. ಅದರ ಸುತ್ತಲೂ ಹಬ್ಬಿರುವ ಹುಲ್ಲುಗಾವಲಿನ ದಿನ್ನೆಗಳಿಗೆ ಫ್ಲಿಂಟ್ ಹಿಲ್ಸ್, ಎಂದರೆ ಚಕಮಕಿ ಕಲ್ಲಿನ ಗುಡ್ಡಗಳು, ಎಂದು ಹೆಸರು. ಅಲ್ಲಿಯ ದಾರಿಗಳಿಗೆ ಡಾಂಬರಿಲ್ಲ. ಗರಸು ಹಾಸಿದ ಆ ದಾರಿಗಳ ಕಲ್ಲಿನ ಚೂರುಗಳು ಟಾಯರುಗಳನ್ನು ಕತ್ತರಿಸುವಷ್ಟು ಹರಿತವಾಗಿರುತ್ತವೆ. ಈ ದಾರಿಗಳ ಮೇಲೆ 2006ರಲ್ಲಿ 34 ಜನ ಸವಾರರು 200 ಮೈಲಿಗಳ ಒಂದು ಪಂದ್ಯವನ್ನು ಓಡಿದರು. ಅದೇ ಪಂದ್ಯವು ಈಗ ಅನ್‌ಬೌಂಡ್ ಗ್ರಾವೆಲ್ ಎಂಬ ಹೆಸರಿನಿಂದ ಸಾವಿರಾರು ಜನರನ್ನು ಆ ಊರಿಗೆ ಎಳೆಯುತ್ತಿದೆ. 2022ರ ಅಕ್ಟೋಬರಿನಲ್ಲಿ ಇಟಲಿಯ ವೆನೆಟೊ ಪ್ರಾಂತದಲ್ಲಿ ಈ ಬಗೆಯ ಸವಾರಿಯ ಮೊದಲನೆಯ ಜಾಗತಿಕ ಪಂದ್ಯವೂ ಜರುಗಿತು. ಪಂದ್ಯದ ಬೈಸಿಕಲ್ಲಿನಂತೆ ಬಾಗಿದ ಹ್ಯಾಂಡಲ್ಲು, ಕಚ್ಚಾ ದಾರಿಗೆ ತಕ್ಕ ಅಗಲವಾದ ಟಾಯರು, ಚಕ್ರದ ನಡುವೆ ತಟ್ಟೆಯ ಬ್ರೇಕು, ಇಷ್ಟೇ ಇದರ ಲಕ್ಷಣ. ಹೊಸದಕ್ಕೆ ಹಲವು ಸಾವಿರ ಡಾಲರು ಬೆಲೆ. ಉತ್ಸಾಹದಿಂದ ಕೊಂಡವರಲ್ಲಿ ಎಷ್ಟೋ ಜನರಿಗೆ ಎರಡು ಮೂರು ವರ್ಷಗಳಲ್ಲಿ ಉತ್ಸಾಹವು ತಗ್ಗುವುದು, ಇಲ್ಲವೆ ಇನ್ನೂ ಹೊಸದರ ಮೇಲೆ ಮನಸ್ಸು ಹೋಗುವುದು. ಹೀಗೆ ಹಳೆಯವು ಮಾರಾಟಕ್ಕೆ ಬರುತ್ತವೆ. ಹೊಸದನ್ನು ಕೊಳ್ಳಲಾರದವನಿಗೆ ಅವು ಆಸೆಯನ್ನು ಹುಟ್ಟಿಸುತ್ತವೆ. ಆಸೆಪಡುವುದು ತಪ್ಪೇನೂ ಅಲ್ಲ.

ಇನ್ನು ಅದರ ಧಾತುವಿನ ವಿಚಾರ. ಇಲ್ಲಿಯೇ ನಮ್ಮ ಪ್ರಶ್ನೆಯ ಬೇರು ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೃತಕವಾದ ಒಂದು ನೂಲನ್ನು ಗಾಳಿಯ ಸೋಂಕಿಲ್ಲದೆ ಸಾವಿರ ಡಿಗ್ರಿಗಳಿಗೂ ಮೀರಿದ ಕಾವಿನಲ್ಲಿ ಕಾಯಿಸಿದರೆ ಇತರ ಅಂಶಗಳೆಲ್ಲ ಹಾರಿಹೋಗಿ ಬಹುಮಟ್ಟಿಗೆ ಇಂಗಾಲವೊಂದೇ ಎಳೆಯಾಗಿ ಉಳಿಯುವುದು. ಎಳೆಯ ದಪ್ಪವು ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಐದರಿಂದ ಏಳು; ನಮ್ಮ ತಲೆಗೂದಲು ಅದರ ಹತ್ತರಷ್ಟು ದಪ್ಪ. ಇಂತಹ ಎಳೆಗಳ ಹಾಳೆಗಳನ್ನು ಅಂಟಿನಲ್ಲಿ ತೋಯಿಸಿ, ಒಂದರ ಮೇಲೊಂದರಂತೆ ಬೇರೆ ಬೇರೆ ದಿಕ್ಕುಗಳಿಗೆ ತಿರುಗಿಸಿ ಅಚ್ಚಿನಲ್ಲಿ ಹಾಸಿ, ಕಾವನ್ನೂ ಒತ್ತಡವನ್ನೂ ಕೊಟ್ಟು ಗಟ್ಟಿಗೊಳಿಸುವರು. ಬೈಸಿಕಲ್ಲಿನ ಇಡೀ ಚೌಕಟ್ಟು ಒಂದು ಕಿಲೋಗ್ರಾಮಿಗೆ ತುಸು ಹೆಚ್ಚು ಕಡಮೆ ತೂಗುವುದು. ಎಳೆಯು ಹರಿದ ದಿಕ್ಕಿನಲ್ಲಿ ಎಳೆದರೆ ಉಕ್ಕನ್ನೂ ನಾಚಿಸುವಷ್ಟು ಬಲ. ಆದರೆ ಪದರಗಳನ್ನು ಹಿಡಿದಿರುವುದು ಅಂಟು ಮಾತ್ರ. ಬದಿಯಿಂದ ಒಂದು ಕಲ್ಲಿನ ಮೊನೆಯು ಬಡಿದರೆ, ಮೇಲಿನ ಬಣ್ಣದ ಮೇಲೆ ಗೀರಷ್ಟೇ ಕಂಡು, ಒಳಗೆ ಪದರವು ಪದರದಿಂದ ಬಿಟ್ಟುಕೊಂಡಿರಬಹುದು.

ಉಕ್ಕಿನ ಸ್ವಭಾವವು ಹೀಗಲ್ಲ. ಪೆಟ್ಟು ತಿಂದ ಉಕ್ಕು ನೆಗ್ಗುವುದು, ಬಾಗುವುದು. ತನ್ನ ಗಾಯವನ್ನು ಮೈಮೇಲೆ ಹೊತ್ತುಕೊಂಡೇ ತಿರುಗುವುದು. ಬೈಸಿಕಲ್ಲಿನ ರಿಪೇರಿಯವನು ಒಂದು ಕಣ್ಣನ್ನು ಮುಚ್ಚಿ ನೋಡಿ, ‘ಫೋರ್ಕು ಹಿಂದಕ್ಕೆ ಹೋಗಿದೆ, ಎಲ್ಲಿಯೋ ಗುದ್ದಿದ್ದೀರಿ’ ಎಂದು ಹೇಳಬಲ್ಲನು. ಕಾರ್ಬನ್ನಿನ ಚೌಕಟ್ಟು ಬಾಗುವುದಿಲ್ಲ. ಅದು ತಡೆಯುವಷ್ಟು ದಿನ ನೆಟ್ಟಗೆ ನಿಂತಿದ್ದು, ತಡೆಯಲಾರದೆ ಹೋದ ಗಳಿಗೆಯಲ್ಲಿ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಆ ಗಳಿಗೆಯು ಇಳುಕಲಿನಲ್ಲಿ ಬಂದರೆ ಮುರಿಯುವುದು ಬೈಸಿಕಲ್ಲು ಮಾತ್ರವೇ ಅಲ್ಲ. ಆದರೆ ಧಾತುವಿಗೆ ಅನ್ಯಾಯವಾಗಬಾರದು. ಪೆಟ್ಟು ಬೀಳದೆ ಚೆನ್ನಾಗಿ ಬಾಳಿದ ಕಾರ್ಬನ್ನು ದಿನನಿತ್ಯದ ಭಾರಕ್ಕೆ ಅಲ್ಯೂಮಿನಿಯಮ್ಮಿನಂತೆ ದಣಿಯುವುದಿಲ್ಲ. ಹತ್ತು ವರ್ಷದ ಹಳೆಯ ಚೌಕಟ್ಟೂ ಹೊಸದಕ್ಕೆ ಸಮನಾಗಿರಬಹುದು. ಒಡೆದುದನ್ನು ಬಲ್ಲವರು ಉಜ್ಜಿ ತೆಗೆದು, ಹೊಸ ಪದರಗಳನ್ನು ಹೊದಿಸಿ ಸರಿಪಡಿಸುವುದೂ ಉಂಟು. ಹಳೆಯದೆಲ್ಲ ಕೆಟ್ಟುದೆಂದು ನಿಶ್ಚಯವಾಗಿದ್ದಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ, ಪ್ರಶ್ನೆಯೂ ಏಳುತ್ತಿರಲಿಲ್ಲ. ಒಳ್ಳೆಯದೂ ಕೆಟ್ಟುದೂ ಒಂದೇ ಬಣ್ಣದ ಹೊಳಪಿನಲ್ಲಿ ಎದುರಿಗೆ ನಿಲ್ಲುವುದೇ ತೊಡಕು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದನ್ನು ನಾವು ಬಲ್ಲೆವು. ಹಾಲನ್ನಾದರೆ ನಾಲಗೆಯ ಮೇಲಿಟ್ಟು ನೋಡಬಹುದು.

ಹೀಗಿರಲು ಕೊಳ್ಳುವವನ ಮೊದಲನೆಯ ಕರ್ತವ್ಯವು ಪರೀಕ್ಷೆ. ದಾನವಾಗಿ ಬಂದ ಆಕಳಿನ ಹಲ್ಲನ್ನು ಎಣಿಸಬಾರದೆನ್ನುವರು. ಹಣ ಕೊಟ್ಟು ಕೊಳ್ಳುವುದರ ಹಲ್ಲನ್ನು ಎಣಿಸದಿರುವುದು ಔದಾರ್ಯವಲ್ಲ, ಆಲಸ್ಯ. ಬೈಸಿಕಲ್ಲನ್ನು ತೊಳೆಸಿ, ಹಗಲಿನ ಬೆಳಕಿನಲ್ಲಿ ನೋಡಬೇಕು. ಕೆಸರು ಮೆತ್ತಿದ್ದು ಶ್ರಮದ ಗುರುತೆಂದು ಕೆಲವರು ಮೆಚ್ಚುವರು. ಪರೀಕ್ಷಕನಿಗೆ ಅದು ಪರದೆ. ಕೆಳಗಿನ ಕೊಳವೆಯ ಹೊಟ್ಟೆಯ ಭಾಗಕ್ಕೆ ಮುಂದಿನ ಚಕ್ರವು ಎಸೆದ ಕಲ್ಲುಗಳು ಬಡಿಯುತ್ತಿರುವುವಾದುದರಿಂದ ಬೈಸಿಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಅಲ್ಲಿ ನೋಡಬೇಕು. ಹಿಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲುಗಳ ಒಳಮೈಯನ್ನು ಚಕ್ರ ಬಿಚ್ಚಿಸಿಯೇ ನೋಡಬೇಕು. ಅಗಲವಾದ ಟಾಯರಿಗೂ ಆ ಕಾಲುಗಳಿಗೂ ನಡುವೆ ಬೆರಳಗಲದ ಎಡೆಯೂ ಇರುವುದಿಲ್ಲ. ಅಲ್ಲಿ ಸಿಕ್ಕಿದ ಮಣ್ಣು ಗಂಟೆಗಟ್ಟಲೆ ಉಪ್ಪುಕಾಗದದಂತೆ ಉಜ್ಜಿ, ಬಣ್ಣವನ್ನು ತಿಂದು, ಎಳೆಗಳನ್ನೂ ತಿಂದಿರುವುದುಂಟು. ಚೈನು ಜಾರಿ ಒಳಗೆ ಸಿಕ್ಕಿಕೊಂಡ ಕಡೆ ಗರಗಸ ಹಾಕಿದಂತೆ ಕಚ್ಚಿರುವುದು. ಸೀಟಿನ ಕಂಬವನ್ನು ಬಿಗಿಯುವ ಪಟ್ಟಿಯ ಕೆಳಗೆ ಅತಿಬಿಗಿತದಿಂದ ಕೂದಲೆಳೆಯಂತಹ ಬಿರುಕು ಬಿದ್ದಿರಬಹುದು. ಕಂಬವು ಏಳದೆ ಇಳಿಯದೆ ಕಚ್ಚಿಕೊಂಡಿದ್ದರೆ, ಬೆವರೂ ನೀರೂ ಇಳಿದು ಲೋಹಕ್ಕೂ ಕಾರ್ಬನ್ನಿಗೂ ವೈರ ಬೆಳೆದಿದೆಯೆಂದು ತಿಳಿಯಬೇಕು. ಹತ್ತಿಯ ತುಂಡನ್ನು ಮೈಮೇಲೆ ಮೆಲ್ಲಗೆ ಎಳೆದರೆ, ಕಣ್ಣಿಗೆ ಕಾಣದ ಎಳೆಯ ತುದಿಯು ಹತ್ತಿಯ ನೂಲನ್ನು ಹಿಡಿದು ತಾನೇ ಸಾಕ್ಷಿ ಹೇಳುವುದು. ಬಣ್ಣವು ಒಂದು ಕಡೆ ಮಾತ್ರ ಹೆಚ್ಚು ಹೊಸದಾಗಿದ್ದರೆ, ಇತರ ಕಡೆಗಳಲ್ಲಿಲ್ಲದ ಒಂದು ಚೀಟಿಯು ಒಂಟಿಯಾಗಿ ಒಂದು ಕಡೆ ಅಂಟಿಕೊಂಡಿದ್ದರೆ, ಅದರ ಕೆಳಗೆ ಏನಿದೆಯೆಂದು ಕೇಳುವುದು ಅನುಚಿತವಲ್ಲ.

ಇನ್ನೊಂದು ಪರೀಕ್ಷೆಯುಂಟು, ಅದು ನಮ್ಮವರಿಗೆ ಹೊಸದಲ್ಲ. ನಾಣ್ಯದ ಅಂಚಿನಿಂದ ಕೊಳವೆಯನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟಿ ಕೇಳುವರು. ಗಟ್ಟಿಯಾದ ಕಡೆ ಚುರುಕಾದ ನಾದ. ಪದರ ಬಿಟ್ಟ ಕಡೆ ಮಂದವಾದ, ಸತ್ತಂತಹ ಶಬ್ದ. ಸಂತೆಯಲ್ಲಿ ಹೆಂಗಸರು ಮಡಕೆಯನ್ನು ಬೆರಳಗಂಟಿನಿಂದ ತಟ್ಟಿ ಕಿವಿಗೊಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಮಡಕೆಯ ನ್ಯಾಯವು ಇಲ್ಲಿ ಪೂರ್ತಿಯಾಗಿ ಸಲ್ಲದು. ಈ ಕೊಳವೆಗಳ ಗೋಡೆಯು ಎಲ್ಲೆಡೆಯೂ ಒಂದೇ ದಪ್ಪವಿರುವುದಿಲ್ಲವಾದ್ದರಿಂದ ಸುಸ್ಥಿತಿಯಲ್ಲಿರುವ ಚೌಕಟ್ಟಿನಲ್ಲಿಯೂ ನಾದವು ಅಡಿಯಡಿಗೆ ಬದಲಾಗುವುದು. ಬಲಗಡೆಯ ಸ್ಥಳವನ್ನು ಎಡಗಡೆಯ ಅದೇ ಸ್ಥಳದೊಡನೆ ಹೋಲಿಸಬಲ್ಲ ಕಿವಿಗೆ ಮಾತ್ರ ಅದರಿಂದ ಪ್ರಯೋಜನ.

ಸವೆಯುವ ಭಾಗಗಳ ವಿಷಯವನ್ನು ನಾನು ಬೇಗ ಮುಗಿಸುತ್ತೇನೆ. ಚೈನು ಎಷ್ಟು ಹಿಗ್ಗಿದೆಯೆಂಬುದನ್ನು ಅಳೆಯಲು ಪುಟ್ಟದೊಂದು ಅಳತೆಪಟ್ಟಿ ಸಿಕ್ಕುವುದು. ನೂರಕ್ಕೆ ಅರ್ಧ ಭಾಗ ಹಿಗ್ಗಿದ್ದರೆ ಬದಲಾಯಿಸುವ ಕಾಲ ಹತ್ತಿರವಾಯಿತು. ಮುಂದಿನ ಬ್ರೇಕನ್ನು ಹಿಡಿದು ಬೈಸಿಕಲ್ಲನ್ನು ಹಿಂದೆ ಮುಂದೆ ತೂಗಿದರೆ ಕುತ್ತಿಗೆಯ ಗುಂಡುಗಳು ಸಡಿಲವಾಗಿರುವುದು ಕೈಗೇ ತಿಳಿಯುವುದು. ಚಕ್ರವನ್ನು ತಿರುಗಿಸಿದರೆ ವಕ್ರವು ಕಣ್ಣಿಗೆ ಕಾಣುವುದು. ಇವೆಲ್ಲ ಹಣದಿಂದ ತೀರುವ ದೋಷಗಳು, ತಮ್ಮನ್ನು ಮುಚ್ಚಿಕೊಳ್ಳಲಾರದವು. ಇವುಗಳ ಮೇಲೆ ನಡೆಯುವ ಚೌಕಾಶಿಯಲ್ಲಿ ಧರ್ಮಸೂಕ್ಷ್ಮವೇನೂ ಇಲ್ಲ.

ಆದರೆ ಇಷ್ಟೆಲ್ಲ ನೋಡಿ, ತಟ್ಟಿ, ಓಡಿಸಿ ಮುಗಿದ ಮೇಲೂ ನೋಡದೆ ಉಳಿದ ಭಾಗವೇ ಮುಖ್ಯವಾದುದು. ಫೋರ್ಕಿನಿಂದ ಮೇಲಕ್ಕೆ ಹೋಗಿ ಹ್ಯಾಂಡಲ್ಲನ್ನು ಹಿಡಿಯುವ ಕೊಳವೆಯು ಚೌಕಟ್ಟಿನ ಕುತ್ತಿಗೆಯೊಳಗೆ ಅಡಗಿದೆ. ಅದನ್ನು ಕಾಣಬೇಕಾದರೆ ಎಲ್ಲವನ್ನೂ ಬಿಚ್ಚಬೇಕು. ಪದರಗಳ ನಡುವಣ ಬಿರುಕನ್ನು ನಿಶ್ಚಯವಾಗಿ ಕಾಣಬೇಕಾದರೆ ವಿಮಾನದ ರೆಕ್ಕೆಗಳನ್ನು ಪರೀಕ್ಷಿಸುವಂತೆ ಶ್ರವಣಾತೀತವಾದ ಶಬ್ದತರಂಗಗಳಿಂದ ನೋಡಬಲ್ಲ ತಜ್ಞರ ಬಳಿಗೆ ಒಯ್ಯಬೇಕು. ಅಪರಿಚಿತನ ಮನೆಯ ಅಂಗಳದಲ್ಲಿ, ಸಂಜೆಯೊಳಗೆ ವ್ಯವಹಾರ ಮುಗಿಯಬೇಕಾದಲ್ಲಿ, ಇದು ಸಾಧ್ಯವಾಗುವುದು ಅಪರೂಪ. ಆಗ ಪರೀಕ್ಷೆಯು ವಸ್ತುವಿನಿಂದ ಮನುಷ್ಯನಿಗೆ ತಿರುಗಲೇಬೇಕು. ಎಂದಾದರೂ ಬಿದ್ದಿದ್ದಿರೇ? ಯಾರಿಂದ ರಿಪೇರಿ ಮಾಡಿಸಿದಿರಿ? ಏಕೆ ಮಾರುತ್ತಿದ್ದೀರಿ? ಈ ಮೂರು ಪ್ರಶ್ನೆಗಳಿಗೆ ಬರುವ ಉತ್ತರವನ್ನೂ, ಉತ್ತರಕ್ಕೆ ಮೊದಲು ಬರುವ ವಿರಾಮವನ್ನೂ ಕೊಳ್ಳುವವನು ನಾಣ್ಯದ ನಾದವನ್ನು ಕೇಳಿದಂತೆಯೇ ಕೇಳುತ್ತಾನೆ. ಒಂದು ಕಿಲೋಗ್ರಾಮಿನ ಚೌಕಟ್ಟಿನ ಮೇಲೆ ತನ್ನ ದೇಹವನ್ನು ಇಡುವವನು ವಾಸ್ತವವಾಗಿ ಇಡುತ್ತಿರುವುದು ಒಬ್ಬ ಅಪರಿಚಿತನ ಮಾತಿನ ಮೇಲೆ.

ಕೇಳಿದವನ ಗತಿ ಇದಾದರೆ ಕೇಳಲು ತಿಳಿಯದವನ ಗತಿಯೇನು? ಕಾನೂನನ್ನು ವಿಚಾರಿಸಿದರೆ ಅದು ಬಹು ಸಂಕೋಚದಿಂದ ಮಾತನಾಡುತ್ತದೆ. ನಮ್ಮ ದೇಶದ 1872ರ ಒಪ್ಪಂದಗಳ ಕಾಯಿದೆಯು, ಮಾತನಾಡುವ ಕರ್ತವ್ಯವಿಲ್ಲದ ಕಡೆ ಬರಿಯ ಮೌನವು ವಂಚನೆಯಲ್ಲವೆಂದು ಹೇಳಿ, ಕುದುರೆಯ ದೃಷ್ಟಾಂತವನ್ನು ಕೊಡುತ್ತದೆ. ರೋಗವಿರುವ ಕುದುರೆಯನ್ನು ಒಬ್ಬನು ತಿಳಿದೂ ತಿಳಿದೂ ಹರಾಜಿನಲ್ಲಿ ಮಾರಿ, ರೋಗದ ಮಾತೆತ್ತದೆ ಇದ್ದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೇ ಪ್ರಾಪ್ತವಯಸ್ಕಳಾದ ಅವನ ಮಗಳಾಗಿದ್ದರೆ, ಆ ಸಂಬಂಧದಿಂದಲೇ ಹೇಳುವ ಕರ್ತವ್ಯವು ಹುಟ್ಟುವುದು. ಕೊಳ್ಳುವವನು ‘ನೀನು ಅಲ್ಲವೆನ್ನದಿದ್ದರೆ ಕುದುರೆಯು ನಿರೋಗಿಯೆಂದು ತಿಳಿಯುತ್ತೇನೆ’ ಎಂದಾಗ ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮಾನ. ಮೂರನೆಯ ದೃಷ್ಟಾಂತವು ಕೊಳ್ಳುವವರಿಗೆ ಬಲು ಉಪಯುಕ್ತವಾದುದು. ಬೈಸಿಕಲ್ಲಿನ ಮುಂದೆ ನಿಂತು ಆ ಮಾತನ್ನೇ ಆಡಬಹುದು. 1930ರ ಸರಕುಗಳ ಮಾರಾಟದ ಕಾಯಿದೆಯೂ ಸರಕಿನ ಗುಣದ ಹೊಣೆಯನ್ನು ಮುಖ್ಯವಾಗಿ ವ್ಯಾಪಾರಿಯ ಮೇಲೆ ಹೊರಿಸುವುದಲ್ಲದೆ, ತನ್ನ ಮನೆಯ ವಸ್ತುವನ್ನು ಮಾರುವ ಗೃಹಸ್ಥನ ಮೇಲೆ ಹೊರಿಸುವುದಿಲ್ಲ. ಅಮೆರಿಕದ ಏಕರೂಪ ವ್ಯಾಪಾರ ಸಂಹಿತೆಯಲ್ಲಿಯೂ ಭೇದವು ಹೀಗೆಯೇ ಇದೆ. ಹೊಸದಾಗಿ ಕೊಂಡವನಿಗೆ ಎಷ್ಟೋ ತಯಾರಕರು ಜೀವಮಾನದ ಭರವಸೆಯನ್ನು ಕೊಡುವರು. ಎರಡನೆಯವನ ಕೈಗೆ ಹೋದೊಡನೆ ಅನೇಕ ವೇಳೆ ಆ ಭರವಸೆಯು ಅಳಿಯುವುದು.

ಹಾಗಾದರೆ ಮಗಳಿಗೆ ಹೇಳಬೇಕಾದುದನ್ನು ಪರರ ಮಗಳಿಗೆ ಹೇಳಬೇಕಿಲ್ಲವೆ? ಕಾಯಿದೆಯು ಇಲ್ಲಿಗೆ ನಿಲ್ಲುವುದು, ನಿಲ್ಲತಕ್ಕದ್ದೇ ಸರಿ. ಪ್ರತಿಯೊಂದು ಮೌನವನ್ನೂ ನ್ಯಾಯಾಲಯಕ್ಕೆ ಎಳೆಯಲಾಗದು. ಆದರೆ ನ್ಯಾಯಾಲಯವು ಕೇಳದ ಪ್ರಶ್ನೆಯನ್ನು ಮನಸ್ಸು ಕೇಳಬಾರದೆಂಬ ನಿಯಮವಿಲ್ಲ.

ನಮ್ಮ ಧರ್ಮಶಾಸ್ತ್ರಕಾರರು ಈ ವಿಚಾರವನ್ನು ಬೇರೊಂದು ಕಡೆಯಿಂದ ಹಿಡಿದರು. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ಕೊಂಡ ವಸ್ತುವನ್ನು ಪರೀಕ್ಷಿಸಲು ಅವಧಿಗಳು ಗೊತ್ತಾಗಿವೆ: ಕಬ್ಬಿಣಕ್ಕೆ 1 ದಿನ, ಕರೆಯುವ ಪಶುವಿಗೆ 3, ಹೊರೆ ಹೊರುವ ಪ್ರಾಣಿಗೆ 5, ರತ್ನಗಳಿಗೆ 7, ಬೀಜಗಳಿಗೆ 10. ದಾಸದಾಸಿಯರನ್ನೂ ಆ ಪಟ್ಟಿಯಲ್ಲಿ ಸೇರಿಸಿರುವುದು ಆ ಕಾಲದ ಕಳಂಕ. ಅದನ್ನು ಮರೆಮಾಡುವುದು ಬೇಡ. ಉಳಿದ ಭಾಗದಲ್ಲಿರುವ ವಿವೇಕವು ಮೆಚ್ಚತಕ್ಕದ್ದು. ದೋಷವು ಹೊರಬೀಳಲು ಯಾವ ವಸ್ತುವಿಗೆ ಎಷ್ಟು ಕಾಲ ಬೇಕೋ ಅಷ್ಟು ಕಾಲವನ್ನು ಕೊಳ್ಳುವವನಿಗೆ ಕೊಟ್ಟಂತೆ ತೋರುತ್ತದೆ. ಹಾಲು ಕರೆಯುವುದೋ ಒದೆಯುವುದೋ ಮೂರು ದಿನಗಳಲ್ಲಿ ತಿಳಿಯುವುದು. ಬೀಜವು ಮೊಳೆಯುವುದೋ ಇಲ್ಲವೋ ಹತ್ತು ದಿನಗಳಲ್ಲಿ. ಕಬ್ಬಿಣಕ್ಕೆ ಒಂದೇ ದಿನ ಸಾಕು. ಅದು ಏನನ್ನೂ ಬಚ್ಚಿಡುವುದಿಲ್ಲ. ಕಾರ್ಬನ್ನಿಗೆ ಆ ಸ್ಮೃತಿಕಾರರು ಎಷ್ಟು ದಿನಗಳನ್ನು ಕೊಡುತ್ತಿದ್ದರೋ! ಅದರ ಒಳಬಿರುಕು ಹತ್ತು ದಿನದಲ್ಲಿ ಹೊರಬೀಳಬಹುದು, ಹತ್ತು ವರ್ಷ ಸುಮ್ಮನಿರಲೂ ಬಹುದು. ನಾರದನು ಕೊಳ್ಳುವವನೇ ಮೊದಲು ಗುಣದೋಷಗಳನ್ನು ನೋಡಿಕೊಳ್ಳಲೆಂದೂ, ನೋಡಿ ಒಪ್ಪಿಕೊಂಡುದನ್ನು ಹಿಂದಿರುಗಿಸಬಾರದೆಂದೂ ವಿಧಿಸಿದನು. ಮನುವು ಸಾರವಿಲ್ಲದುದನ್ನೂ ಮುಚ್ಚಿಟ್ಟುದನ್ನೂ ಮಾರಬಾರದೆಂದನು. ಎರಡು ವಿಧಿಗಳನ್ನೂ ಜೊತೆಯಲ್ಲಿಟ್ಟರೆ ತಕ್ಕಡಿಯು ಸಮವಾಗುವುದು. ಆದರೆ ನಾರದನ ವಿಧಿಯು ಪರೀಕ್ಷೆಯು ಸಾಧ್ಯವೆಂಬ ನಂಬಿಕೆಯ ಮೇಲೆ ನಿಂತಿದೆ. ಪರೀಕ್ಷೆಯು ಸೋತ ಕಡೆ ತಕ್ಕಡಿಯ ಭಾರವೆಲ್ಲ ಮನುವಿನ ಕಡೆಗೆ ಸರಿಯಬೇಕಾಗುವುದು.

ಪಶ್ಚಿಮದವರಲ್ಲಿ ಈ ಚರ್ಚೆಯನ್ನು ಎಲ್ಲರಿಗಿಂತ ಚೆನ್ನಾಗಿ ನಡೆಸಿದವನು ರೋಮಿನ ಸಿಸೆರೊ. ಕ್ರಿಸ್ತಪೂರ್ವ 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗೆಂದು ಅವನು ಬರೆದ ಕರ್ತವ್ಯವಿಚಾರದ ಗ್ರಂಥದ ಮೂರನೆಯ ಭಾಗದಲ್ಲಿ ಎರಡು ದೃಷ್ಟಾಂತಗಳಿವೆ. ಬರಗಾಲದಲ್ಲಿ ರೋಡ್ಸ್ ದ್ವೀಪಕ್ಕೆ ಅಲೆಕ್ಸಾಂಡ್ರಿಯದಿಂದ ಧಾನ್ಯವನ್ನು ತಂದ ವರ್ತಕನಿಗೆ, ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿವೆಯೆಂದು ಗೊತ್ತು. ಅದನ್ನು ಹೇಳಿ ಬೆಲೆ ಇಳಿಸಿಕೊಳ್ಳಬೇಕೆ? ಮತ್ತೊಬ್ಬನು ಮನೆಯನ್ನು ಮಾರುತ್ತಾನೆ. ಅದರ ಮರ ಲಡ್ಡಾಗಿದೆ, ಕೋಣೆಗಳಲ್ಲಿ ವಿಷಜಂತುಗಳಿವೆ. ಇದು ಅವನೊಬ್ಬನಿಗೇ ಗೊತ್ತು. ಹೇಳಬೇಕೆ? ಬ್ಯಾಬಿಲೋನಿನ ಡಯೊಜಿನಿಸನು, ಮರೆಮಾಚುವುದು ಬೇರೆ, ಹೇಳದಿರುವುದು ಬೇರೆ ಎನ್ನುವನು. ಕೊಳ್ಳೆಂದು ಅವನು ಯಾರನ್ನೂ ಬಲಾತ್ಕರಿಸಲಿಲ್ಲ, ಕೊಳ್ಳುವವನಿಗೆ ಕಣ್ಣಿದೆ. ಅವನ ಶಿಷ್ಯನಾದ ಆಂಟಿಪೇಟರನು, ಮನುಷ್ಯರೆಲ್ಲರೂ ಒಂದೇ ಸಮಾಜಕ್ಕೆ ಸೇರಿದವರಾದುದರಿಂದ ಎಲ್ಲವನ್ನೂ ಹೇಳಲೇಬೇಕೆನ್ನುವನು. ಸಿಸೆರೊ ಎರಡು ದೃಷ್ಟಾಂತಗಳಲ್ಲಿಯೂ ಶಿಷ್ಯನ ಪಕ್ಷವನ್ನೇ ಹಿಡಿದನು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನಗೆ ಒಪ್ಪಿಗೆಯಾಗದು. ಹಡಗುಗಳ ಸುದ್ದಿಯು ಬೆಲೆಗೆ ಸಂಬಂಧಪಟ್ಟದ್ದು. ಲಡ್ಡಾದ ತೊಲೆಯು ಕೆಳಗೆ ಮಲಗುವವನ ತಲೆಗೆ ಸಂಬಂಧಪಟ್ಟದ್ದು. ಮುಂದಿನ ತಿಂಗಳು ಇದಕ್ಕಿಂತ ಒಳ್ಳೆಯ ಮಾದರಿಯು ಪೇಟೆಗೆ ಬರುವುದೆಂದು ಬೈಸಿಕಲ್ಲನ್ನು ಮಾರುವವನಿಗೆ ಗೊತ್ತಿದ್ದರೆ, ಅದನ್ನು ಕೇಳದೆ ಹೇಳಬೇಕೆಂದು ನಾನು ವಿಧಿಸಲಾರೆ; ಹೇಳಿದರೆ ಅದು ಅವನ ದೊಡ್ಡತನ. ಆದರೆ ಕಳೆದ ಮಳೆಗಾಲದಲ್ಲಿ ಇಳುಕಲಿನಲ್ಲಿ ಬಂಡೆಗೆ ಬಡಿದು ಬಿದ್ದುದನ್ನು ಕೇಳದಿದ್ದರೂ ಹೇಳಬೇಕು. ಡಯೊಜಿನಿಸನ ವಾದವೆಲ್ಲ ಕೊಳ್ಳುವವನ ಕಣ್ಣನ್ನು ನಂಬಿ ನಿಂತುದು. ಈ ವಸ್ತುವು ಕಣ್ಣನ್ನೇ ಸೋಲಿಸುವುದರಿಂದ ಆ ವಾದಕ್ಕೆ ಇಲ್ಲಿ ಕಾಲಿಡಲು ನೆಲವಿಲ್ಲ. ಕುದುರೆಯನ್ನು ಕುರಿತಾದರೆ ಪಶುವೈದ್ಯನನ್ನು ಕರೆತರಬಹುದಾಗಿತ್ತಲ್ಲ ಎಂದು ಹೇಳುವುದಕ್ಕಾದರೂ ಎಡೆಯಿತ್ತು.

ಇಲ್ಲಿ ಒಂದು ಆಕ್ಷೇಪಣೆಯು ಬರುವುದು, ಅದು ಬಲವಾದುದೇ. ಮಾರುವವನಿಗೂ ಗೊತ್ತಿಲ್ಲದಿರಬಹುದಲ್ಲವೆ? ಅವನು ಒಮ್ಮೆ ಬಿದ್ದನು, ಎದ್ದು, ಮಣ್ಣು ಕೊಡವಿಕೊಂಡು, ಆಮೇಲೆ ಸಾವಿರ ಮೈಲಿ ಓಡಿಸಿದನು, ಏನೂ ಆಗಲಿಲ್ಲ. ಒಳಗೆ ಬಿರುಕಿದೆಯೋ ಇಲ್ಲವೋ ಅವನೂ ಅರಿಯನು. ಇಲ್ಲದ ದೋಷವನ್ನು ತಾನೇ ಸಾರಿ ಬೆಲೆ ಕಳೆದುಕೊಳ್ಳಬೇಕೆ? ಮಾರಾಟಕ್ಕೆ ನಿಂತ ಹೆಚ್ಚಿನ ಗೃಹಸ್ಥರ ನಿಜಸ್ಥಿತಿಯು ಇದೇ. ತಿಳಿದು ವಂಚಿಸುವವರ ಸಂಖ್ಯೆ ಅಷ್ಟಿರಲಾರದು. ನನ್ನ ಉತ್ತರವಿಷ್ಟೆ. ಮಾರುವವನು ಒಪ್ಪಿಸಬೇಕಾದುದು ತೀರ್ಪನ್ನಲ್ಲ, ಚರಿತ್ರೆಯನ್ನು. ‘ದೋಷವಿದೆ’ ಎಂದು ಅವನು ಹೇಳಬೇಕಿಲ್ಲ. ‘ದೋಷವಿಲ್ಲ’ ಎಂದು ಹೇಳಲು ಅವನಿಗೆ ಅಧಿಕಾರವೂ ಇಲ್ಲ. ‘ಇಂತಹ ಕಡೆ ಬಿದ್ದೆ, ಈ ಪಕ್ಕ ಬಡಿಯಿತು, ಆಮೇಲೆ ಇಷ್ಟು ಓಡಿಸಿದೆ’ ಎಂದರೆ ಅವನ ಸಾಲವು ತೀರಿತು. ‘ಚೆನ್ನಾಗಿದೆ, ಏನೂ ಆಗಿಲ್ಲ’ ಎನ್ನುವವನು ತನ್ನ ಮಟ್ಟಿಗೆ ಸುಳ್ಳನ್ನು ಹೇಳದೆ ಇರಬಹುದು. ಆದರೆ ತಾನು ಕಂಡ ಸಂಗತಿಯ ಬದಲಿಗೆ ತಾನು ಬಯಸಿದ ತೀರ್ಮಾನವನ್ನು ಇನ್ನೊಬ್ಬನ ಕೈಯಲ್ಲಿ ಇಡುತ್ತಾನೆ. ವಸ್ತುವು ಕೈಯಿಂದ ಕೈಗೆ ದಾಟಿದಂತೆಲ್ಲ ಚರಿತ್ರೆಯು ಹೀಗೆಯೇ ಕಡಿದುಹೋಗುವುದು. ಮೂರನೆಯ ಒಡೆಯನು ಪ್ರಾಮಾಣಿಕವಾಗಿ ‘ನಾನು ಬಿದ್ದಿಲ್ಲ’ ಎನ್ನುವನು; ಬಿದ್ದವನು ಮೊದಲನೆಯವನು. ಮೊದಲನೆಯವನ ಒಂದು ಮೌನದಿಂದ ಹಿಂದೆ ಬಂದವರ ಸತ್ಯವೆಲ್ಲ ನಿಷ್ಪ್ರಯೋಜಕವಾಗುವುದು. ಪೆಟ್ಟನ್ನು ತಿನ್ನುವವನು ಅವನು ಎಂದೂ ನೋಡದ ಯಾವನೋ ಒಬ್ಬನು.

ಮಾರುವವನನ್ನೇ ಇಷ್ಟು ಹೊತ್ತು ನಿಲ್ಲಿಸಿ ವಿಚಾರಿಸಿದೆವು. ಕೊಳ್ಳುವವನ ಕೈಗಳೂ ಸದಾ ಶುದ್ಧವಾಗಿರುವುದಿಲ್ಲ. ಸತ್ಯವನ್ನು ಹೇಳಿದ ಮಾರಾಟಗಾರನನ್ನು ನಮ್ಮಲ್ಲಿ ಎಷ್ಟು ಜನ ಗೌರವಿಸುತ್ತೇವೆ? ಒಮ್ಮೆ ಬಿದ್ದಿತ್ತೆಂಬ ಮಾತು ಅವನ ಬಾಯಿಂದ ಹೊರಟೊಡನೆ, ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ, ಬೆಲೆಯನ್ನು ಅರ್ಧಕ್ಕೆ ಇಳಿಸಲು ಅದನ್ನೇ ಹಿಡಿದುಕೊಳ್ಳುವೆವು. ಪಕ್ಕದ ಬೀದಿಯ ಮೌನಿಗೆ ಪೂರ್ತಿ ಬೆಲೆಯನ್ನು ಕೊಟ್ಟು ಬರುವೆವು. ಸತ್ಯಕ್ಕೆ ದಂಡವನ್ನೂ ಮೌನಕ್ಕೆ ಬಹುಮಾನವನ್ನೂ ನಾವೇ ಗೊತ್ತುಮಾಡಿ, ಆಮೇಲೆ ಪೇಟೆಯಲ್ಲಿ ಪ್ರಾಮಾಣಿಕತೆ ಇಲ್ಲವೆಂದು ಹಲುಬುವುದು ನ್ಯಾಯವೆ? ಪೆಟ್ಟಿನ ಸಂಶಯಕ್ಕೆ ತಕ್ಕಷ್ಟು, ತಜ್ಞನ ಪರೀಕ್ಷೆಗೆ ತಗಲುವಷ್ಟು ಕಡಮೆಯನ್ನು ಕೇಳಬಹುದು. ಅದಕ್ಕಿಂತ ಹೆಚ್ಚಿನದು ಅವನ ಸತ್ಯವನ್ನು ಸುಲಿದಂತೆ. ಸಿಸೆರೊ ಹೇಳುವ ಇನ್ನೊಂದು ಸಂಗತಿಯು ಇಲ್ಲಿ ನೆನಪಿಗೆ ಬರುವುದು. ಕ್ವಿಂಟಸ್ ಸ್ಕೆವೋಲನು ಒಂದು ಜಮೀನನ್ನು ಕೊಳ್ಳಲು ಹೋಗಿ, ಮಾರುವವನು ಹೇಳಿದ ಬೆಲೆಯನ್ನು ಕೇಳಿ, ತನ್ನ ದೃಷ್ಟಿಗೆ ಅದು ಹೆಚ್ಚು ಬಾಳುವುದೆಂದು ಹೇಳಿ ಒಂದು ಲಕ್ಷ ಸೆಸ್ಟರ್ಸುಗಳನ್ನು ಮೇಲೆ ಕೊಟ್ಟನಂತೆ. ಅವನು ಒಳ್ಳೆಯವನೆಂಬುದನ್ನು ಎಲ್ಲರೂ ಒಪ್ಪಿದರೂ ಬುದ್ಧಿವಂತನೆಂಬುದನ್ನು ಒಪ್ಪದವರೂ ಇದ್ದರೆಂದು ಸಿಸೆರೊ ಸೇರಿಸುತ್ತಾನೆ. ಅಷ್ಟು ಎತ್ತರವನ್ನು ನಾನು ಯಾರಿಂದಲೂ ನಿರೀಕ್ಷಿಸುವುದಿಲ್ಲ.

ಬೆಲೆಯು ತೀರ ಅಗ್ಗವಾಗಿದ್ದರೆ ಬೇರೊಂದು ಎಚ್ಚರವೂ ಬೇಕು. ಈ ಬೈಸಿಕಲ್ಲುಗಳು ಬಹಳವಾಗಿ ಕಳುವಾಗುವುವು. ಪೆಡಲಿನ ಅಚ್ಚು ಕೂರುವ ಎಡೆಯ ಕೆಳಗೆ ಸಾಮಾನ್ಯವಾಗಿ ಚೌಕಟ್ಟಿನ ಸಂಖ್ಯೆಯಿರುವುದು. ಅದನ್ನು ಮಾರುವವನ ರಸೀತಿಯೊಡನೆ ಹೋಲಿಸಬೇಕು. ಸಂಖ್ಯೆಯನ್ನು ಕೆರೆದಿದ್ದರೆ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ಗುಟ್ಟಾಗಿ, ಅವೇಳೆಯಲ್ಲಿ, ಹೀನವಾದ ಬೆಲೆಗೆ, ಅಂತಹ ವಸ್ತುವನ್ನು ಹೊಂದಿರಲಾರದವನಿಂದ ಕೊಂಡವನನ್ನೂ ಕಳ್ಳನೆಂದೇ ಎಣಿಸಬೇಕೆಂದು ಯಾಜ್ಞವಲ್ಕ್ಯನು ಹೇಳಿರುವುದು ಇಂದಿಗೂ ಹಳತಾಗಿಲ್ಲ.

ಕೊನೆಗೆ ಒಂದು ಪ್ರಸಂಗ ಉಳಿಯಿತು. ಎಲ್ಲ ಎಚ್ಚರದಿಂದಲೂ ಕೊಂಡವನಿಗೆ ಆರು ತಿಂಗಳ ಮೇಲೆ ಬಿರುಕು ಕಂಡಿತೆಂದು ಇಟ್ಟುಕೊಳ್ಳೋಣ. ಮಾರಿದವನು ಊರು ಬಿಟ್ಟಿದ್ದಾನೆ, ಹಣವು ಬರುವಂತಿಲ್ಲ. ತನಗೆ ಹೇಳದವನಂತೆ ತಾನೂ ಹೇಳದೆ ಮತ್ತೊಬ್ಬನಿಗೆ ದಾಟಿಸಿದರೆ ನಷ್ಟವು ಮುಂದಕ್ಕೆ ಹೋಗುವುದು. ತನಗೆ ಆದ ಅನ್ಯಾಯವೇ ಇದಕ್ಕೆ ಅನುಮತಿಯೆಂದು ಮನಸ್ಸು ಆಗ ಎಷ್ಟು ಮೃದುವಾಗಿ ವಾದಿಸುವುದೆಂಬುದನ್ನು ಬಲ್ಲವರು ಬಲ್ಲರು. ಆದರೆ ಮೊದಲನೆಯವನಿಗೆ ಇದ್ದ ಅಜ್ಞಾನದ 2ನೆಯ ಆಸರೆಯೂ ಇವನಿಗಿಲ್ಲ. ಇವನು ಬಿರುಕನ್ನು ಕಣ್ಣಾರೆ ಕಂಡವನು. ಸರಿಪಡಿಸಲು ಬರುವಂತಿದ್ದರೆ ಬಲ್ಲವರಿಂದ ಸರಿಪಡಿಸಿ, ಯಾರು, ಯಾವಾಗ, ಎಲ್ಲಿ ಮಾಡಿದರೆಂಬ ಪತ್ರವನ್ನು ಬೈಸಿಕಲ್ಲಿನ ಜೊತೆಗೇ ಇಡಬೇಕು. ಮುಂದೆ ಕೊಳ್ಳುವವನಿಗೆ ಆ ಪತ್ರವೂ ಸರಕಿನ ಒಂದು ಭಾಗವೇ. ಸರಿಪಡಿಸಲು ಬಾರದಿದ್ದರೆ ಚಕ್ರ, ಬ್ರೇಕು, ಹ್ಯಾಂಡಲ್ಲುಗಳನ್ನು ಪರೀಕ್ಷಿಸಿ ಬೇರೆಯಾಗಿ ಮಾರಬಹುದು. ಉಳಿದ ಚೌಕಟ್ಟನ್ನು ಕಬ್ಬಿಣದಂತೆ ಕರಗಿಸಿ ಮತ್ತೆ ಎರೆಯಲು ಬರುವುದಿಲ್ಲ. ಹಾಗೆಯೇ ಕಸದ ಗುಂಡಿಗೆ ಎಸೆದರೆ ಯಾವನಾದರೂ ಎತ್ತಿಕೊಂಡು ಹೋಗಿ, ಒರೆಸಿ, ಬಣ್ಣ ಹಚ್ಚಿ ಮಾರಾಟಕ್ಕೆ ನಿಲ್ಲಿಸಬಹುದು. ಆದುದರಿಂದ ಬಲ್ಲವರು ಅದನ್ನು ಎಸೆಯುವುದಕ್ಕೆ ಮೊದಲು, ಬಾಯಿಗೂ ಮೂಗಿಗೂ ಬಟ್ಟೆ ಕಟ್ಟಿಕೊಂಡು, ಗರಗಸದಿಂದ ನಡುವೆ ಕೊಯ್ದು ಎರಡು ತುಂಡು ಮಾಡುವರು.